ತಾನಾಗಿ ಅರಳಿದ ಹೂ

ರಾಣೆಬೆನ್ನೂರಿನ ಹೊರಗೆ ನಮ್ಮದೊಂದು ಪಾಲಿಹೌಸ್ ಇದೆ. ಅಲ್ಲಿ ಪೆಟೂನಿಯಾ ಬೆಳೆಯುವುದು ಹೂವಿಗಲ್ಲ, ಹೈಬ್ರಿಡ್ ಬೀಜಕ್ಕೆ. ಮೊಗ್ಗಿದ್ದಾಗಲೇ ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೇರೆ ಗಿಡದ ಪರಾಗ ಮುಟ್ಟಿಸಬೇಕು. ನಮ್ಮ ಕಣ್ಣು ತಪ್ಪಿಸಿ ತಾನಾಗಿ ಅರಳಿದ ಹೂವಿಗೆ ತನ್ನದೇ ಪರಾಗ ತಾಗಿರುತ್ತದೆ, ಅದರ ಬೀಜ ಕೆಲಸಕ್ಕೆ ಬಾರದು. ಕಂಡ ಕೂಡಲೇ ಚಿವುಟಿ ಒಗೆಯುತ್ತೇನೆ. ಸೀಸನ್ನಿನಲ್ಲಿ ನನ್ನ ಬೆರಳುಗಳಿಗೆ ಮನೆಯಲ್ಲೂ ಸಮಾಧಾನವಿರುವುದಿಲ್ಲ.

ಒಂದು ಮುಂಜಾನೆ, ಕೆಲಸಕ್ಕೆ ಹೊತ್ತಾಯಿತೆಂದು ಚಡಪಡಿಸುತ್ತ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದೆ. ದೇವರಿಗೆ ಹೂ ಬಿಡಿಸಲು ಬುಟ್ಟಿ ಹಿಡಿದು ಬಂದ ಅತ್ತೆ ಗಕ್ಕನೆ ನಿಂತರು. ಅವರ ದಾಸವಾಳದ ಗಿಡದಲ್ಲಿ ಬರೀ ಮೊಗ್ಗುಗಳಿದ್ದವು. ಅರಳಿದ್ದೆಲ್ಲ ನನ್ನ ಕಾಲ ಬಳಿ ಬಿದ್ದಿತ್ತು.

"ಯಾಕ ಕಿತ್ತು ಒಗದಿ?"

ನನಗೇ ಸಿಟ್ಟು ಬಂತು.

"ತಾವ ಅರಳಿಬಿಟ್ಟಿದ್ವಲ್ರಿ!"