ಅಮ್ಮ ತಡೆದ ರಿವಾಲ್ವರ್

ನನ್ನದು ಚಿನ್ನದ ಕೆಲಸ. ತಕ್ಕಡಿ ತೋರಿಸಿದ್ದನ್ನು ಮಾತ್ರ ನಂಬುವುದು ನಮ್ಮ ಕಸುಬಿನಲ್ಲಿ ಅಭ್ಯಾಸವಾಗಿಬಿಡುತ್ತದೆ. ಯಾರಿಗೋ ಕನಸಿನಲ್ಲಿ ಎಚ್ಚರಿಕೆ ಬಂತು, ಅವರು ಬಸ್ಸು ಹತ್ತಲಿಲ್ಲ, ಆ ಬಸ್ಸು ಮಗುಚಿ ಬಿತ್ತು ಎಂಬಂಥ ಕತೆ ಹೇಳಿದವರನ್ನೆಲ್ಲ ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಕನಸು ಬಿದ್ದೂ ಬಸ್ಸಿಗೆ ಏನೂ ಆಗದಿದ್ದರೆ ಅದನ್ನು ನೀವು ಹೇಳುತ್ತಿದ್ದಿರಾ? ಆ ಪ್ರಶ್ನೆ ಸರಿಯಾದದ್ದೆಂದು ಈಗಲೂ ನನಗನಿಸುತ್ತದೆ. ಆದರೂ ಕೆಲವು ವರ್ಷಗಳ ಹಿಂದೆ ಕಾರ್ಕಳದ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ತಯಾರಾದ ಒಡವೆಗಳನ್ನು ಉಡುಪಿಯ ಅಂಗಡಿಗಳಿಗೆ ನಾನೇ ಸ್ಕೂಟರಿನಲ್ಲಿ ಒಯ್ಯುತ್ತಿದ್ದೆ. ಒಂದು ದಿನ ಬೈಲೂರು ದಾಟಿದ ಮೇಲೆ ಇಬ್ಬರು ಬೈಕಿನಲ್ಲಿ ಅಡ್ಡ ಬಂದು ಬೀಳಿಸಿದರು. ಹಿಂದಿನಿಂದ ಲಾರಿಯೊಂದು ಬಂದದ್ದರಿಂದ ಚೀಲ ಉಳಿಯಿತು, ಮೊಣಕೈ ಮುರಿಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ರಿವಾಲ್ವರಿನ ಪರವಾನಗಿಗೆ ಅರ್ಜಿ ಹಾಕುವುದೆಂದು ನಿಶ್ಚಯಿಸಿದೆ. ವಿಚಾರಣೆ, ತರಬೇತಿ ಎಲ್ಲ ಮುಗಿದು ಒಂದು ವರ್ಷ ಕಳೆದ ನಂತರ ರಿವಾಲ್ವರ್ ಕೈಗೆ ಬಂತು. ಕೊಟ್ಟವರು ಉಡುಪಿಯಲ್ಲಿ ಬಂದೂಕಿನ ಅಂಗಡಿ ಇಟ್ಟಿದ್ದ ಕಾಪುವಿನ ಪಾಸ್ಕಲ್ ಪರ್ಬುಗಳು. ಸೇನೆಯಲ್ಲಿ ಬಂದೂಕುಗಳನ್ನು ರಿಪೇರಿ ಮಾಡುತ್ತಿದ್ದವರು, ನಿವೃತ್ತರಾಗಿ ಊರಿಗೆ ಬಂದಿದ್ದರು.

ಆ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅಮ್ಮನ ಮಂಚದ ಬಳಿ ಕುಳಿತು ಅದನ್ನು ಒರೆಸುತ್ತಿದ್ದೆ. ಗುಂಡುಗಳು ಕಪಾಟಿನೊಳಗೆ ಬೀಗದಲ್ಲಿದ್ದವು. ಮರುದಿನ ತರಬೇತಿಯ ಮೈದಾನದಲ್ಲಿ ಅದನ್ನು ಮೊದಲ ಸಲ ಹಾರಿಸುವುದಿತ್ತು. ಮಣಿಪಾಲದಲ್ಲಿ ಓದುತ್ತಿದ್ದ ಮಗಳು ದೀಪಾ ತಾನೂ ಬರುತ್ತೇನೆ, ಪಕ್ಕದಲ್ಲೇ ನಿಂತು ವಿಡಿಯೊ ಮಾಡುತ್ತೇನೆ ಎಂದು ಹಟ ಹಿಡಿದಿದ್ದಳು.

ಅಮ್ಮನಿಗೆ ಪಾರ್ಶ್ವವಾಯು ಬಡಿದು ಎರಡು ವರ್ಷವಾಗಿತ್ತು. ಬಲಗೈ ಸತ್ವ ಕಳೆದುಕೊಂಡಿತ್ತು. ಕಣ್ಣಿಗೆ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ಗೊತ್ತಾಗುತ್ತಿತ್ತು. ಉಳಿದ ಮಾತು ಎರಡೇ, ಎರಡೂ ತುಳುವಿನವು: ಬೇಕಾದರೆ "ಬೋಡು", ಬೇಡವಾದರೆ "ಬೊಡ್ಚಿ". ಗಂಜಿಗೂ ನೀರಿಗೂ ಇಷ್ಟೇ.

ಕಬ್ಬಿಣದ ಸದ್ದಿಗೋ ಏನೋ, ಅಮ್ಮ ಎಡಗೈ ಚಾಚಿದರು. ಏನಾದರೂ ಹಿಡಿದುಕೊಳ್ಳಲಿ ಎಂದು ರಿವಾಲ್ವರನ್ನು ನಡುವೆ ಬಗ್ಗಿಸಿ ತೆರೆದು ಅವರ ಬೆರಳಿಗೆ ತಾಗಿಸಿದೆ. ಹಾಗೆ ತೆರೆದಾಗ ಗುಂಡು ಕೂರುವ ಆರು ಕುಳಿಗಳಿರುವ ಸಿಲಿಂಡರ್ ಸರಾಗವಾಗಿ ತಿರುಗುತ್ತದೆ. ಅಮ್ಮ ಅದರ ಹಿಂಬದಿಯಲ್ಲಿ ಒಂದೊಂದೇ ಕುಳಿಯ ಬಾಯಿಯನ್ನು ತೋರುಬೆರಳಿನಿಂದ ಸವರುತ್ತಾ ಹೋದರು. ಒಂದರ ಮೇಲೆ ಬೆರಳು ನಿಂತಿತು. "ಬೊಡ್ಚಿ" ಎಂದರು.

ನಾನು ನಕ್ಕು ಸಿಲಿಂಡರನ್ನು ಗರ್ರನೆ ತಿರುಗಿಸಿ ಮತ್ತೆ ಕೊಟ್ಟೆ. ಮತ್ತೆ ಸವರಿದರು, ಮತ್ತೆ ಒಂದು ಕಡೆ ಬೆರಳು ನಿಂತಿತು. ಆಗ ನನ್ನ ಹೆಂಡತಿ ಸುಮತಿ ಅಡುಗೆಮನೆಯಿಂದ ಬಂದಳು.

"ಅತ್ತೆಯ ಕೈಗೆ ಎಂತ ಕೊಟ್ಟಿದ್ದೀರಿ ಮಾರಾಯ್ರೆ? ನಿಮಗೆ ಬುದ್ಧಿ ಉಂಟಾ?"

"ಖಾಲಿ ಉಂಟು. ಸ್ವಲ್ಪ ಇಲ್ಲಿ ನೋಡು. ನಿನ್ನ ಉಗುರಿನ ಬಣ್ಣ ಉಂಟಲ್ಲ, ಅದನ್ನು ತಾ."

ಅಮ್ಮನ ಬೆರಳು ನಿಂತಿದ್ದ ಕುಳಿಯ ಹೊರಮೈಗೆ ಸುಮತಿ ಒಂದು ಚುಕ್ಕೆ ಇಟ್ಟಳು. ಚುಕ್ಕೆ ಒಣಗಿದ ಮೇಲೆ ಮೂರು ಸಲ ತಿರುಗಿಸಿ ಕೊಟ್ಟೆವು. ಮೂರು ಸಲವೂ ಚುಕ್ಕೆಯ ಕುಳಿಯಲ್ಲೇ ಬೆರಳು ನಿಂತಿತು, ಮೂರು ಸಲವೂ "ಬೊಡ್ಚಿ". ನಾಲ್ಕನೆಯ ಸಲಕ್ಕೆ ಅಮ್ಮ ಕೈ ಹಿಂದೆಗೆದುಕೊಂಡು ನಿದ್ದೆ ಹೋದರು. ಆದ್ದರಿಂದ ನನ್ನ ಲೆಕ್ಕದಲ್ಲಿರುವುದು ಮೂರು ಸಲ ಮಾತ್ರ.

"ನಾಳೆ ದೀಪಾ ಬರುವುದು ಬೇಡ," ಎಂದಳು ಸುಮತಿ. "ನೀವೂ ಹೋಗುವುದು ಬೇಡ."

ರಿವಾಲ್ವರನ್ನು ಎತ್ತಿಕೊಂಡು ಕೆಲಸದ ಕೋಣೆಗೆ ಹೋದೆ. ಗುಂಡಿನ ಕುಳಿ ನಳಿಗೆಗೆ ನೇರವಾಗಿದೆಯೇ ಎಂದು ಸರಳು ಹಾಕಿ ನೋಡುವುದನ್ನು ತರಬೇತಿಯಲ್ಲಿ ತೋರಿಸಿದ್ದರು. ನಳಿಗೆಗೆ ಸರಿಯಾಗಿ ಕೂರುವಂತೆ ಹಿತ್ತಾಳೆಯ ಸರಳೊಂದನ್ನು ಅರದಿಂದ ಉಜ್ಜಿ ಸಿದ್ಧಪಡಿಸಿದೆ. ಐದು ಕುಳಿಗಳಲ್ಲಿ ಸರಳು ತನ್ನ ಭಾರಕ್ಕೇ ಜಾರಿ ಇಳಿಯಿತು. ಚುಕ್ಕೆಯ ಕುಳಿಗೆ ಬಂದಾಗ ನಳಿಗೆಯ ಕೊನೆಯಲ್ಲಿ ಟಕ್ಕೆಂದು ನಿಂತುಬಿಟ್ಟಿತು. ಐದಾರು ಸಲ ಹಾಕಿ ನೋಡಿದೆ. ಮರುದಿನ ಮೈದಾನಕ್ಕೆ ಹೋಗಲಿಲ್ಲ.

ಸೋಮವಾರ ಪಾಸ್ಕಲ್ ಪರ್ಬುಗಳು ತಮ್ಮ ಸರಳು ಹಾಕಿದರು, ಅಳತೆ ತೆಗೆದರು. ಕಾರ್ಖಾನೆಯಲ್ಲಿ ಆ ಒಂದು ಕುಳಿಯನ್ನು ಕೊರೆಯುವಾಗ ಸ್ವಲ್ಪ ಓರೆಯಾಗಿತ್ತು. ಅದರಿಂದ ಹಾರಿಸಿದ್ದರೆ ಗುಂಡು ನಳಿಗೆಯ ಅಂಚಿಗೆ ಬಡಿದು ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತಿತ್ತು.

"ಪಕ್ಕದಲ್ಲಿ ನಿಂತವರ ಕಣ್ಣು ಹೋಗುತ್ತಿತ್ತು ಆಚಾರ್ರೆ. ಸಿಲಿಂಡರೇ ಸೀಳಿದರೆ ನಿಮ್ಮ ಕೈಯೂ ಹೋಗುತ್ತಿತ್ತು," ಎಂದರು.

"ಪರ್ಬುಗಳೇ, ಹಿಂಬದಿಯಲ್ಲಿ ಬೆರಳಿಟ್ಟರೆ ಇದು ಗೊತ್ತಾಗುತ್ತದಾ?"

"ಹಿಂಬದಿ ಸರಿಯಾಗಿಯೇ ಉಂಟಲ್ಲ. ಆರೂ ಬಾಯಿ ಒಂದೇ ಅಳತೆ. ಓರೆ ಇರುವುದು ಒಳಗೆ, ಮುಂದಿನ ತುದಿಯಲ್ಲಿ. ನಮಗೇ ಗೊತ್ತಾಗಲಿಲ್ಲ. ನೀವು ಹೇಗೆ ಹಿಡಿದಿರಿ?"

ನಾನು ಸುಳ್ಳು ಹೇಳಿದೆ. ನೋಡಿದಾಗ ಯಾಕೋ ಸಂಶಯ ಬಂತು ಎಂದೆ. ಅಮ್ಮನ ವಿಷಯ ಹೇಳಲು ನಾಚಿಕೆಯಾಯಿತು.

ಅಪ್ಪ ಮಾಡಿದ ತಾಳಿಗಳಿಗೆ ಅಮ್ಮ ಎಷ್ಟೋ ವರ್ಷ ಕರಿಮಣಿ ಪೋಣಿಸಿದವರು. ಮಣಿಯ ತೂತನ್ನು ನೋಡದೆಯೇ ಬೆರಳಿನಿಂದ ಹುಡುಕುತ್ತಿದ್ದರು. ಬೆರಳಿಗೆ ಅಂಥ ಸೂಕ್ಷ್ಮವಿತ್ತು ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಆದರೆ ರಿವಾಲ್ವರನ್ನು ವಾಪಸು ಕಳಿಸುವ ಮೊದಲು ಪರ್ಬುಗಳ ಮೇಜಿನ ಮುಂದೆ ಕುಳಿತು ಕಣ್ಣು ಮುಚ್ಚಿ ನಾನೂ ಸವರಿ ನೋಡಿದ್ದೇನೆ. ನನ್ನದೂ ಕಸುಬಿನ ಬೆರಳೇ. ಎಷ್ಟು ಸವರಿದರೂ ಆರೂ ಒಂದೇ ಆಗಿದ್ದವು.

ಕಾರ್ಖಾನೆಯಿಂದ ಬದಲಿ ರಿವಾಲ್ವರ್ ಬಂದಾಗ ಅದನ್ನೂ ಹಾಗೆಯೇ ತೆರೆದು ಅಮ್ಮನ ಎಡಗೈಗೆ ತಾಗಿಸಿದೆ. ಅವರು ಬೆರಳು ಆಡಿಸಲಿಲ್ಲ. ಅದರಲ್ಲಿ ದೋಷವಿರಲಿಲ್ಲವೆಂದೋ, ಅಷ್ಟರಲ್ಲಿ ಅವರಿಗೆ ಏನೂ ತಿಳಿಯದಂತಾಗಿತ್ತೆಂದೋ, ಹೇಗೆ ಹೇಳಲಿ? ಆ ಮಳೆಗಾಲದಲ್ಲಿ ತೀರಿಕೊಂಡರು.

ಪರ್ಬುಗಳು ಈಗಲೂ ಹೊಸ ಗಿರಾಕಿಗಳಿಗೆ ಈ ಕತೆ ಹೇಳುತ್ತಾರಂತೆ. ಕಾರ್ಕಳದ ಆಚಾರ್ರ ಕಣ್ಣು ಎಂಥದ್ದು ನೋಡಿ, ಕಾರ್ಖಾನೆಯವರಿಗೂ ಕಾಣದ್ದು ಅವರಿಗೆ ಕಂಡಿತು ಎನ್ನುತ್ತಾರಂತೆ. ಒಮ್ಮೆ ನನ್ನೆದುರಿಗೇ ಹೇಳಿದರು. ಕೇಳುತ್ತಿದ್ದವನು ಗೌರವದಿಂದ ನನ್ನ ಕಡೆ ತಿರುಗಿ ನೋಡಿದ. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಅವನು ಅದನ್ನು ವಿನಯವೆಂದು ತಿಳಿದಿರಬೇಕು.