ಹಳದಿ ಉರಿ, ನೀಲಿ ಉರಿ

ಹೋಳೂರಿನ ನಮ್ಮ ಮನೆಯ ಅಡುಗೆಮನೆ ಅಂದರೆ ನನಗೆ ಮೊದಲು ನೆನಪಾಗುವುದು ಮಸಿ. ಸೌದೆ ಒಲೆ ಹಿತ್ತಲಿಗೆ ಹೋಗಿ ಬತ್ತಿ ಸ್ಟವ್ ಬಂದಾಗ ಇನ್ನು ಹೊಗೆ ತಪ್ಪಿತು ಅಂದುಕೊಂಡಿದ್ದೆವು. ಅಮ್ಮ ಬತ್ತಿಗಳನ್ನು ಎಷ್ಟು ಸಲ ಕತ್ತರಿಸಿ ಸಮ ಮಾಡಿದರೂ ಅದು ಹಳದಿಯಾಗಿಯೇ ಉರಿಯುತ್ತಿತ್ತು. ಹಾಲಿನ ಪಾತ್ರೆಯ ತಳ ಕಪ್ಪು, ಅದನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜುವ ನನ್ನ ಮತ್ತು ಅಕ್ಕನ ಉಗುರು ಕಪ್ಪು. ಸೀಮೆಎಣ್ಣೆಯ ವಾಸನೆ ಸ್ಕೂಲಿಗೆ ಒಯ್ಯುವ ಚಿತ್ರಾನ್ನದಲ್ಲೂ ಇರುತ್ತಿತ್ತು. ಆ ವಾಸನೆ ಈಗ ಎಲ್ಲಾದರೂ ಮೂಗಿಗೆ ಬಿದ್ದರೆ ನನಗೆ ಹಸಿವಾಗುತ್ತದೆ. ಹೇಳಿದರೆ ಮಕ್ಕಳು ನಗುತ್ತಾರೆ.

ಆಮೇಲೆ ಅಮ್ಮ ಕೋಲಾರಕ್ಕೆ ಹೋಗಿ ಪಂಪ್ ಸ್ಟವ್ ತಂದಳು. ಬಸ್ಸಿನಿಂದ ಇಳಿಯುವಾಗ ಅದನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡಿದ್ದಳು. ಹಿತ್ತಾಳೆಯ ಹೊಟ್ಟೆ, ಮೂರು ಕಾಲು. ಹಚ್ಚುವುದೇ ಒಂದು ಕೆಲಸ. ಮೇಲಿನ ಬಟ್ಟಲಿಗೆ ಚೂರು ಸೀಮೆಎಣ್ಣೆ ಹಾಕಿ ಕಡ್ಡಿ ಗೀರಬೇಕು. ಅದು ಹಳದಿಯಾಗಿ, ಹೊಗೆ ಬಿಡುತ್ತಾ ಉರಿದು ಮೇಲಿನ ಭಾಗವೆಲ್ಲ ಕಾಯುವವರೆಗೂ ತಾಳಬೇಕು. ಅವಸರ ಮಾಡಿ ಪಂಪ್ ಹೊಡೆದರೆ ಉರಿ ಭಗ್ಗೆಂದು ಮುಖಕ್ಕೇ ಬರುತ್ತಿತ್ತು. ಚೆನ್ನಾಗಿ ಕಾದ ಮೇಲೆ ಪಂಪ್ ಹೊಡೆದರೆ ಸುಂಯ್ ಎಂಬ ಸದ್ದು ಎದ್ದು, ಹಳದಿಯೆಲ್ಲ ಒಮ್ಮೆಲೇ ಮಾಯವಾಗಿ ಸುತ್ತಲೂ ನೀಲಿ ಎಸಳುಗಳು ನಿಲ್ಲುತ್ತಿದ್ದವು.

"ಚೂಡಂಡೇ, ಉರಿ ನೋಡ್ರೇ! ಶಂಖಪುಷ್ಪ ಅರಳಿದಂಗಿದೆ," ಎಂದಳು ಅಮ್ಮ. ಖುಷಿಯಾದಾಗ ಅವಳ ಬಾಯಿಗೆ ತೆಲುಗು ಬರುತ್ತಿತ್ತು. ಅವತ್ತು ಅಕ್ಕಪಕ್ಕದ ಮನೆಯವರೆಲ್ಲ ಬಂದು ನಮ್ಮ ನೀಲಿ ಉರಿ ನೋಡಿಕೊಂಡು ಹೋದರು.

ಆ ವರ್ಷವೋ ಮರುವರ್ಷವೋ, ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಡಂ ದಹನದ ಪಾಠ ಮಾಡಿದರು. ಮೇಣದಬತ್ತಿ ಹಚ್ಚಿ ಅದರ ಹಳದಿ ಉರಿಯ ಮೇಲೆ ಬಿಳಿ ಪಿಂಗಾಣಿ ತಟ್ಟೆ ಹಿಡಿದರು. ತಟ್ಟೆ ಕಪ್ಪಾಯಿತು.

"ಈ ಕಪ್ಪು ಉರಿಯೋಕೆ ಆಗದೆ ಉಳಿದ ಇಂಗಾಲ. ಗಾಳಿ ಸಾಕಷ್ಟು ಸಿಕ್ಕಿದ್ರೆ ಇಂಧನ ಪೂರ್ತಿ ಉರಿಯತ್ತೆ, ಇಂಗಾಲದ ಡೈಆಕ್ಸೈಡು, ನೀರಿನ ಆವಿ ಅಷ್ಟೇ ಆಗತ್ತೆ. ಸಾಲದೇ ಹೋದ್ರೆ ಮಸಿ ಬರತ್ತೆ, ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲಾನೂ ಬರತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ," ಎಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. "ಹಂಗಾದ್ರೆ ನಮ್ಮ ಬತ್ತಿ ಸ್ಟವ್ವಿಗೆ ಗಾಳಿ ಸಾಲ್ತಿರ್ಲಿಲ್ಲ ಅನ್ನು, ಪಾಪ," ಎಂದಳು, ಯಾರೋ ಕಾಯಿಲೆಯವರ ಬಗ್ಗೆ ಹೇಳುವ ಹಾಗೆ.

ಪಂಪ್ ಸ್ಟವ್ವಿನ ಒಂದೇ ತೊಂದರೆ ಅದರ ಸದ್ದು. ಅದು ಉರಿಯುವಷ್ಟು ಹೊತ್ತೂ ನಾವೆಲ್ಲ ಕಿರುಚಿಯೇ ಮಾತಾಡಬೇಕು. ಅಡುಗೆ ಮುಗಿದು ಅಮ್ಮ ತಿರುಪು ಸಡಿಲಿಸಿ ಗಾಳಿ ಬಿಟ್ಟರೆ ಮನೆ ಇದ್ದಕ್ಕಿದ್ದಂತೆ ಮೌನವಾಗುತ್ತಿತ್ತು. ಲಕ್ಕೂರಿನಿಂದ ಅಕ್ಕನನ್ನು ನೋಡಲು ಬಂದ ದಿನ ಹುಡುಗ, ಅವನ ತಾಯಿ ನಡುಮನೆಯಲ್ಲಿ ಕೂತಿದ್ದರು. ಅಮ್ಮ ಕಾಫಿಗೆ ಹಾಲು ಕಾಯಿಸುತ್ತಿದ್ದಳು. ಬಾಗಿಲ ಸಂದಿಯಿಂದ ಇಣುಕಿ ಬಂದ ಅಕ್ಕ ನನ್ನ ಕಿವಿಗೆ ಕಿರುಚಿದಳು:

"ಹುಡುಗ ಪರವಾಗಿಲ್ಲ ಕಣೇ..."

ಅಷ್ಟರಲ್ಲಿ ಅಮ್ಮ ಗಾಳಿ ಬಿಟ್ಟಳು.

"...ಮೂಗು ಮಾತ್ರ ಬದನೆಕಾಯಿ ಥರ ಇದೆ!"

ಇಡೀ ಮನೆಗೆ ಕೇಳಿಸಿತು. ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ಅಕ್ಕ ಹಿತ್ತಲಿಗೆ ಓಡಿದಳು. ನಡುಮನೆಯಿಂದ ಹುಡುಗನ ನಗು ಕೇಳಿಸಿತು. "ನಿಜಾನೇ ಹೇಳಿದಾರಲ್ಲಮ್ಮಾ," ಎಂದು ಆತ ತನ್ನ ತಾಯಿಗೆ ಹೇಳುತ್ತಿದ್ದ. ಹೋಗುವ ಮುಂಚೆ, ಹುಡುಗಿ ಒಪ್ಪಿದರೆ ತನಗೂ ಒಪ್ಪಿಗೆ ಎಂದ. ಅಕ್ಕ ಒಪ್ಪಿದಳು. ಹೀಗೆ ಅವರು ನನ್ನ ಭಾವನಾದರು.

ಅಕ್ಕ ಲಕ್ಕೂರಿಗೆ ಹೋದಳು. ಭಾವ ಅಲ್ಲಿ ಹತ್ತಿರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮದುವೆಯಾಗಿ ನಾನು ಕೋಲಾರ ಸೇರಿದೆ. ನಮ್ಮಿಬ್ಬರ ಮನೆಗೂ, ಹೋಳೂರಿನ ಅಮ್ಮನ ಮನೆಗೂ ಸಿಲಿಂಡರ್ ಬಂತು. ಪಂಪ್ ಸ್ಟವ್ ಅಟ್ಟ ಹತ್ತಿ, ಒಂದು ದಿನ ಹಳೇ ಪಾತ್ರೆಯವನ ಪಾಲಾಯಿತು. ಯಾರೂ ಅದಕ್ಕಾಗಿ ಮರುಗಲಿಲ್ಲ. ಉರಿ ಯಾವ ಬಣ್ಣದ್ದು ಎಂದು ನೋಡುವ ಅಭ್ಯಾಸವೂ ನಮಗೆ ತಪ್ಪಿಹೋಯಿತು.

ಈಚಿನ ಒಂದು ಧನುರ್ಮಾಸದಲ್ಲಿ ನಾನು ಅಕ್ಕನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಅಂಗಳವೆಲ್ಲ ಮಂಜು. ಅಕ್ಕ ಸ್ನಾನಕ್ಕೆ ಹೋದಳು. ಅವರ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇತ್ತು. ಚಳಿ ಗಾಳಿ ನುಗ್ಗುತ್ತದೆಂದು ಗೋಡೆಯ ಕಿಂಡಿಗೆ ರಟ್ಟು ತುರುಕಿದ್ದರು. ಆ ಕಡೆ ಎಷ್ಟೋ ಮನೆಗಳಲ್ಲಿ ಚಳಿಗಾಲದಲ್ಲಿ ಹಾಗೆ ಮಾಡುತ್ತಾರೆ.

ನಾನು ಕಾಫಿ ಸೋಸಿ, "ಅಕ್ಕಾ, ಆರೋಗತ್ತೆ, ಬೇಗ ಬಾರೇ," ಎಂದು ಕೂಗಿದೆ. ಉತ್ತರ ಬರಲಿಲ್ಲ. ನೀರು ಸುರಿಯುವ ಸದ್ದು ಮಾತ್ರ ಬರುತ್ತಿತ್ತು. ಮತ್ತೆ ಕೂಗಿದೆ. ಬಾಗಿಲು ಬಡಿದೆ. ಅಂಗಳದಲ್ಲಿದ್ದ ಭಾವನನ್ನು ಕರೆದೆ. ಅವರು ಬಂದವರೇ ಭುಜ ಕೊಟ್ಟು ಪ್ಲಾಸ್ಟಿಕ್ ಬಾಗಿಲನ್ನು ಮುರಿದರು. ಅಕ್ಕ ಗೋಡೆಗೆ ಒರಗಿ ಕುಸಿದಿದ್ದಳು, ನೀರು ಅವಳ ಕಾಲ ಮೇಲೆ ಹರಿಯುತ್ತಿತ್ತು. ಗೀಸರಿನ ಪುಟ್ಟ ಗಾಜಿನ ಹಿಂದೆ ಉರಿ ಹಳದಿಯಾಗಿ ಕುಣಿಯುತ್ತಿತ್ತು. ಎಷ್ಟೋ ವರ್ಷದ ಹಿಂದಿನ ಆ ಮೇಣದಬತ್ತಿಯ ಪಾಠ ನನಗೆ ಆಗ ನೆನಪಾಯಿತು.

"ಭಾವಾ, ಇಲ್ಲಿ ನಿಲ್ಬೇಡಿ, ಹೊರಗೆ ಎತ್ಕೊಂಡ್ ಬನ್ನಿ, ಗಾಳಿಗೆ!"

ಅವಳಿಗೆ ಕಂಬಳಿ ಸುತ್ತಿ ಅಂಗಳದ ಕಲ್ಲಿನ ಮೇಲೆ ಮಲಗಿಸಿದೆವು. ನಾನು ಓಡಿ ಸಿಲಿಂಡರ್ ಬಂದ್ ಮಾಡಿದೆ. ಭಾವ ಅವಳ ಕೆನ್ನೆ ತಟ್ಟುತ್ತಾ, "ಲೇ, ಲೇ, ಕಣ್ ಬಿಡೇ," ಎನ್ನುತ್ತಿದ್ದರು. ಅಷ್ಟು ವರ್ಷ ಅವರ ದನಿ ಒಡೆದದ್ದನ್ನು ನಾನು ಕೇಳಿರಲಿಲ್ಲ. ಅಕ್ಕ ಒಮ್ಮೆ ಕೆಮ್ಮಿ, ವಾಂತಿ ಮಾಡಿಕೊಂಡು ಕಣ್ಣು ತೆರೆದಳು. ಎದುರುಮನೆಯವರ ಕಾರಿನಲ್ಲಿ ಮಾಲೂರಿಗೆ ಕರೆದುಕೊಂಡು ಹೋದೆವು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು.

ಮಧ್ಯಾಹ್ನದ ಹೊತ್ತಿಗೆ ಅವಳು ಮಾತಾಡಿದಳು. "ತಲೆ ಭಾರ ಆಯ್ತು. ಚಳೀಗೇನೋ ಅಂದ್ಕೊಂಡೆ. ಆಮೇಲೆ ನಿದ್ದೆ ಬಂದಂಗಾಯ್ತು ಕಣೇ. ಸ್ವಲ್ಪಾನೂ ಹೆದರಿಕೆ ಆಗ್ಲಿಲ್ಲ."

ನನಗೆ ಹೆದರಿಕೆಯಾದದ್ದು ಆ ಮಾತಿಗೇ. ನಮ್ಮ ಹಳೆಯ ಅಡುಗೆಮನೆಯ ಹೊಗೆ ಕಣ್ಣು ಉರಿಸುತ್ತಿತ್ತು, ಕೆಮ್ಮಿಸುತ್ತಿತ್ತು, ಬೈದುಕೊಂಡು ನಾವು ಕಿಟಕಿ ತೆರೆಯುತ್ತಿದ್ದೆವು. ಈ ವಿಷಾನಿಲ ಏನೂ ಹೇಳದೆ ಬಂದಿತ್ತು.

ವಿಷಯ ತಿಳಿದ ಅಮ್ಮ ಫೋನಿನಲ್ಲಿ ಮೊದಲು ಅತ್ತಳು, ಆಮೇಲೆ ಭಾವನಿಗೆ ಬೈದಳು. ಭಾವ "ಆಯ್ತತ್ತೆ, ಆಯ್ತತ್ತೆ" ಎನ್ನುತ್ತಲೇ ಇದ್ದರು. ಅಕ್ಕ ಮನೆಗೆ ಬರುವಷ್ಟರಲ್ಲಿ ಗೀಸರನ್ನು ಹೊರಗೋಡೆಗೆ ಹಾಕಿಸಿ, ಮುರಿದ ಬಾಗಿಲು ಬದಲಿಸಿ, ಕಿಂಡಿಯ ರಟ್ಟು ಕಿತ್ತು, ಅದರ ಪಕ್ಕದಲ್ಲೇ ಇನ್ನೊಂದು ಕಿಂಡಿ ಒಡೆಸಿದ್ದರು.

ಆದರೂ ಅಕ್ಕನಿಗೆ ಬಚ್ಚಲಿಗೆ ಹೋಗಲು ಧೈರ್ಯ ಬರಲಿಲ್ಲ. "ನೀನು ಬಾಗಿಲ ಹತ್ರಾನೇ ಕೂತ್ಕೋ," ಎಂದಳು. ನಾನು ಮಣೆ ಹಾಕಿಕೊಂಡು ಕೂತೆ. ಅವಳು ಚಿಲಕ ಹಾಕಲಿಲ್ಲ.

"ಇದೀಯೇನೇ?"

"ಇದೀನಿ ಕಣೇ."

"ಸುಮ್ನೆ ಇರ್ಬೇಡ, ಏನಾದ್ರೂ ಹೇಳ್ತಾ ಇರು."

ನನ್ನ ನಾದಿನಿಯ ಮಗಳು ಸ್ಕೂಟರ್ ಕಲಿಯಲು ಹೋಗಿ ಟೊಮ್ಯಾಟೊ ಕ್ರೇಟುಗಳ ಸಾಲಿಗೆ ನುಗ್ಗಿದ ಕಥೆ ಶುರು ಮಾಡಿದೆ. ಒಳಗಿನಿಂದ ಚೊಂಬಿನ ಸದ್ದು, ನಡುನಡುವೆ "ಆಮೇಲೆ?" ಎಂಬ ದನಿ. ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ನನ್ನ ಪಾದಕ್ಕೆ ತಾಗುತ್ತಿತ್ತು. ಕಥೆಯನ್ನು ಆದಷ್ಟು ಉದ್ದ ಮಾಡಿದೆ.