ಮದ್ದೂರಿನಲ್ಲಿ ನಮ್ಮ ಕಪ್ಪು ಬೆಲ್ಲ

ಮದ್ದೂರು ಬಸ್ ನಿಲ್ದಾಣದೆದುರಿನ ಬೆಲ್ಲದಂಗಡಿಯಲ್ಲೇ ಕೂತು ಬರೆಯುತ್ತಿದ್ದೇನೆ, ಮನೆ ಸೇರುವವರೆಗೂ ತಡೆಯಲಾಗದಷ್ಟು ಖುಷಿ. ಮೊಮ್ಮಗಳು ಸುಧಾ ಕೊತ್ತತ್ತಿಯ ನಮ್ಮ ಆಲೆಮನೆಯಲ್ಲಿ ಬಿಳಿ ಮಾಡುವ ಪುಡಿ ಹಾಕದೆ, ಬೆಂಡೆ ದಂಟಿನ ಲೋಳೆಯಲ್ಲೇ ಕೊಳೆ ತೆಗೆದು ಬೆಲ್ಲ ಕಾಯಿಸಿದ್ದಳು. ಈ ಅಂಗಡಿಯವರು ಕೊಳ್ಳದಿದ್ದರೆ ಮತ್ತೆ ಪುಡಿಯೇ ಗತಿ ಎಂದಿದ್ದಳು. ಬೆಲ್ಲ ಕಪ್ಪಗಿದೆಯೆಂದು ನಾಚಿ, ಅವಳಿಗೆ ಹೇಳದೆ ಚೀಲದ ಮೇಲ್ಗಡೆ ಪಕ್ಕದವರ ಬಿಳಿ ಅಚ್ಚುಗಳನ್ನಿಟ್ಟು ತಂದಿದ್ದೆ.

ಅಂಗಡಿಯಾಕೆ ಬಿಳಿಯದನ್ನು ಮುರಿದು ನೆಕ್ಕಿ, "ಬ್ಯಾಡ ಕಣಜ್ಜಿ, ಪುಡಿ ಆಕವ್ರೆ" ಎಂದು ಚೀಲ ಕಟ್ಟತೊಡಗಿದಳು.

"ತಡಿಯವ್ವ! ನಮ್ದು ತಳದಲ್ಲದೆ!" ಎಂದು ಚೀಲ ಸುರಿದೇಬಿಟ್ಟೆ.

ಕಪ್ಪು ಚೂರು ಬಾಯಿಗಿಟ್ಟವಳೇ ನಕ್ಕಳು. "ಚಿನ್ನ ತಳಕ್ಕಾಕಿ ಹಿತ್ತಾಳೆ ಮೇಲಿಟ್ಟಿದ್ದೀಯಲ್ಲಜ್ಜಿ! ಕಾಯ್ಸಿದ್ದೆಲ್ಲಾ ನಂಗೇ ತತ್ತಾ ಇರು."

ಬಸ್ ನಿಲ್ದಾಣವೇ ತಿರುಗಿ ನೋಡುವಂತೆ ಫೋನಿನಲ್ಲಿ ಕೂಗಿದೆ: "ಸುಧಾ, ಒಲೆ ಆರಿಸ್ಬ್ಯಾಡ ಕಣವ್ವ!"